ಸೇಫ್ಟಿ ಪಿನ್ ಹಾಕಿದವರಿಗೆ

ವಿಭೂತಿ ಬುಧವಾರ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲ ಶುರುವಾಗೋ ದಿನ, ಬೆಳಿಗ್ಗೆ ಶಿವಾಜಿನಗರದ ಬಸ್‌ನಲ್ಲಿ ಬಟ್ಟೆ ಚೀಲ ಮರೆತು ಇಳಿದವಳು ನಾನೇ. ಚರ್ಚಿನ ಪೂಜೆಗೆ ಹೊತ್ತಾಯಿತು ಅನ್ನೋ ಗಡಿಬಿಡಿ. ಹಣೆಗೆ ಬೂದಿ ಹಚ್ಚಿಸಿಕೊಂಡು ಹೊರಗೆ ಬಂದ ಮೇಲೆ ಚೀಲದ ನೆನಪಾಯಿತು.

ಅದರಲ್ಲಿ ದುಡ್ಡೇನೂ ಇರಲಿಲ್ಲ. ಮೊಮ್ಮಗಳ ಜ್ಞಾನಸ್ನಾನಕ್ಕೆ ಅಂತ ಹೆಣೆಯುತ್ತಿದ್ದ ಬಿಳಿ ಕ್ರೋಶಾ ಟೋಪಿ, ಇನ್ನೂ ಅರ್ಧ. ಚಳಿ ಹೋಗೋ ಹೊತ್ತಿಗೆ ಟೋಪಿ ಯಾಕಮ್ಮ ಅಂತ ಮಗಳು ನಗುತ್ತಾಳೆ, ಅದು ಬೇರೆ ಮಾತು. ಜೊತೆಗೆ ಹೋದ ವರ್ಷ ಗರಿಗಳ ಭಾನುವಾರ, ಅಂದರೆ ಈಸ್ಟರ್‌ಗೆ ಹಿಂದಿನ ಭಾನುವಾರ, ಚರ್ಚಿನಲ್ಲಿ ಕೊಟ್ಟ ತಾಳೆ ಗರಿ. ಸುಟ್ಟು ಹಣೆಗೆ ಹಚ್ಚೋ ಬೂದಿ ಮಾಡೋಕೆ ಚರ್ಚಿಗೆ ಮೊದಲೇ ಕೊಡಬೇಕಿತ್ತು, ಮರೆತಿದ್ದೆ.

ಸಂಜೆ ಬಸ್ ನಿಲ್ದಾಣದಲ್ಲಿ ವಿಚಾರಿಸಿದರೆ ಚೀಲ ಅಲ್ಲೇ ಇತ್ತು. ಯಾರೋ ಹೆಂಗಸು ಕೊಟ್ಟು ಹೋದರಂತೆ, ಹೆಸರು ಹೇಳಲಿಲ್ಲವಂತೆ. ತೆಗೆದು ನೋಡಿದೆ. ಹೆಣೆಯೋ ಕಡ್ಡಿ ಎಲ್ಲೋ ಬಿದ್ದು ಹೋಗಿತ್ತು. ಆದರೆ ಕೊನೆಯ ಕುಣಿಕೆಗೆ ಒಂದು ಸೇಫ್ಟಿ ಪಿನ್! ಅದಿಲ್ಲದೆ ದಾರ ಎಳೆದರೆ ಸಾಲುಸಾಲೇ ಬಿಚ್ಚಿಕೊಳ್ಳುತ್ತಿತ್ತು. ಒಣಗಿದ ಗರಿ ಮುರಿಯದ ಹಾಗೆ ಪೇಪರ್ ಸುತ್ತಿದ್ದಿರಿ.

ನೀವೂ ಹೆಣೆಯುತ್ತೀರಿ, ಅಲ್ವಾ? ತುಂಬಾ ಥ್ಯಾಂಕ್ಸ್ ಅಕ್ಕಾ. ಟೋಪಿ ಈಸ್ಟರ್‌ಗೆ ಮುಂಚೆ ಮುಗಿಯುತ್ತೆ. ಪಿನ್ ನನ್ನ ಹತ್ತಿರವೇ ಇದೆ.