ಕೇರಿ ಬಿಡುವ ಮುಂಚೆ

ಕೋಪನ್‌ಹೇಗನ್, ಡೆನ್ಮಾರ್ಕ್

ಚಿ. ತಮ್ಮನಿಗೆ ಅಕ್ಕನ ಆಶೀರ್ವಾದಗಳು. ಅಪ್ಪಯ್ಯ, ಅಮ್ಮನಿಗೆ ನಮಸ್ಕಾರ ತಿಳಿಸು. ನಾವೆಲ್ಲ ಕ್ಷೇಮ.

ಬರುವ ಜೂನ್‌ಗೆ ಮಕ್ಕಳನ್ನು ಶಿವಮೊಗ್ಗದ ಶಾಲೆಗೆ ಸೇರಿಸಿ ಅಲ್ಲೇ ಬಾಡಿಗೆ ಮನೆ ಮಾಡುವ ಯೋಚನೆ ಇದೆ ಅಂದೆಯಲ್ಲ, ಅವತ್ತು ಸುಮ್ಮನೆ ಕೇಳಿಕೊಂಡೆ. ಫೋನಿನಲ್ಲಿ ಈ ಮಾತು ಎತ್ತಿದರೆ ಜಗಳಕ್ಕೆ ಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ತೀರ್ಥಹಳ್ಳಿಯಿಂದ ಶಿವಮೊಗ್ಗ ಸುಮಾರು 60 ಕಿಲೋಮೀಟರ್, ದೂರವೇನಲ್ಲ. ಆದರೆ ಮಕ್ಕಳಿಗೆ ಕೇರಿ ತಪ್ಪಿಹೋಗುತ್ತದೆ.

ಇಲ್ಲಿ ನಮ್ಮ ಸಣ್ಣವಳನ್ನು ವರ್ಷ ತುಂಬುತ್ತಿದ್ದ ಹಾಗೆ ಶಿಶುವಿಹಾರಕ್ಕೆ ಬಿಟ್ಟೆವು. ಇಲ್ಲಿ ಹೆಚ್ಚಿನವರು ಮಾಡುವುದೇ ಹಾಗೆ. ಚಳಿಯಲ್ಲೂ ಬೆಚ್ಚಗೆ ಸುತ್ತಿ ಹೊರಗಡೆ ತಳ್ಳುಗಾಡಿಯಲ್ಲಿ ಮಲಗಿಸುತ್ತಾರೆ, ಪ್ರೀತಿಯಿಂದಲೇ ನೋಡಿಕೊಳ್ಳುತ್ತಾರೆ. ಆದರೆ ದಿನವಿಡೀ ಅವಳ ಸುತ್ತ ಇರುವುದು ಅವಳ ವಯಸ್ಸಿನ ಮಕ್ಕಳೇ. ವಯಸ್ಸಾದವರ ಮಡಿಲು ಅವಳಿಗೆ ಗೊತ್ತಿಲ್ಲ.

ಈ ಕೊರತೆ ಇಲ್ಲಿಯವರಿಗೂ ತಟ್ಟಿದೆ. ಮಕ್ಕಳಿಗೆ ನೂರು ಜನ ಅಪ್ಪ ಅಮ್ಮ ಇರಬೇಕು ಅಂತ 1967ರಲ್ಲಿ ಇಲ್ಲಿನ ಪತ್ರಿಕೆಯಲ್ಲಿ ಒಬ್ಬಾಕೆ ಬರೆದರು. ಹೌದೆನಿಸಿದ ಕೆಲವು ಕುಟುಂಬಗಳು ಸೇರಿ ಸೆಟ್ಟೆಡಾಮನ್ ಅಂತ ಒಂದು ವಠಾರವನ್ನೇ ಕಟ್ಟಿಕೊಂಡವು, 1972ರಲ್ಲಿ ಒಕ್ಕಲಾದರು. ಮನೆಗಳು ಬೇರೆ ಬೇರೆ, ಊಟಕ್ಕೆ ಎಲ್ಲರಿಗೂ ಸೇರಿದ ಒಂದು ದೊಡ್ಡ ಮನೆ. ಈಗ ದೇಶದ ತುಂಬ ಅಂಥವು ಇವೆ. ನಮ್ಮ ಆಫೀಸಿನವರೊಬ್ಬರು ಅಂಥದ್ದರಲ್ಲೇ ಇದ್ದಾರೆ, ಊಟಕ್ಕೆ ಕರೆದಿದ್ದರು. ಎಂಬತ್ತು ದಾಟಿದ ಅಜ್ಜಿಯೊಬ್ಬರು ಯಾರದೋ ಮಗುವಿನ ಮೂಗು ಒರೆಸಿ, ಗದರಿಸಿ, ಪಕ್ಕದಲ್ಲಿ ಕೂರಿಸಿಕೊಂಡರು. ನೋಡಿ ನನಗೆ ಗಂಟಲು ಕಟ್ಟಿತು. ನಿನ್ನ ಮಕ್ಕಳಿಗೆ ಹುಟ್ಟಿದಾಗಿನಿಂದ ಇರುವುದಕ್ಕಾಗಿ ಇವರು ಸಭೆ ಮಾಡಿ, ಸಾಲ ಮಾಡಿ, ಕಾದು ಸೇರಬೇಕು.

ನಿನಗೆ ನೆನಪಿದೆಯಾ, ಬೇಲಿಯ ವಿಷಯಕ್ಕೆ ಮೇಲಿನಮನೆ ಮಾವನಿಗೂ ಅಪ್ಪಯ್ಯನಿಗೂ ಮಾತು ಬಿಟ್ಟಿದ್ದು? ಆಗಲೂ ನಾವು ಅಲ್ಲಿಗೆ ಆಡಲು ಹೋದರೆ ಅತ್ತೆ ಊಟ ಹಾಕದೆ ಕಳಿಸಲಿಲ್ಲ. ಅಡಿಕೆ ಸುಲಿಯುವ ರಾತ್ರಿ ನಮ್ಮ ಮನೆಯ ಮೆಟ್ಟುಗತ್ತಿ ಮುಂದೆ ಕೂರಲು ಅವರ ಮನೆಯಿಂದಲೂ ಜನ ಬಂದರು. ಆ ದೀಪಾವಳಿಗೆ ಅಪ್ಪಯ್ಯ ಅಂಟಿಗೆ-ಪಂಟಿಗೆ ಗುಂಪಿನಲ್ಲಿದ್ದರು. ಪದ ಹೇಳುತ್ತ ಮನೆಮನೆಗೆ ಒಯ್ಯುವ ದೀಪ ಅದು, ಅವರ ಬಾಗಿಲು ಬಿಟ್ಟು ಹೋಗುವ ಹಾಗಿಲ್ಲ. ಮಾವ ಹೊರಗೆ ಬಂದು ದೀಪಕ್ಕೆ ಎಣ್ಣೆ ಎರೆದರು. ಬೇಲಿಯ ಮಾತು ಅಲ್ಲಿಗೇ ನಿಂತಿತು. ಪದ ಹೇಳುವವರ ಹಿಂದೆ ನಿದ್ದೆಗಣ್ಣಿನಲ್ಲಿ ನಿಂತು ನಾವಿಬ್ಬರೂ ಅದನ್ನು ನೋಡಿದೆವು. ದೊಡ್ಡವರು ಮುನಿದು ಮತ್ತೆ ಹೇಗೆ ಒಂದಾಗುತ್ತಾರೆ ಅನ್ನುವುದನ್ನು ಯಾವ ಶಾಲೆಯೂ ನಮಗೆ ಕಲಿಸಲಿಲ್ಲ.

ಆದರೆ ಇನ್ನೊಂದು ಮಾತೂ ಹೇಳಬೇಕು. ನಾನು ಊಟಕ್ಕೆ ಹೋದ ದಿನ ಆ ವಠಾರದಲ್ಲಿ ಅಡುಗೆ ಸರದಿ ಇಬ್ಬರು ಗಂಡಸರದ್ದು. ನಮ್ಮಲ್ಲಿ ಮಕ್ಕಳನ್ನು ಕೇರಿಯೇ ಸಾಕಿತು ಅನ್ನುತ್ತೇವೆ, ನಿಜಕ್ಕೂ ಸಾಕಿದವರು ಹೆಂಗಸರು. ಮಂಡಿನೋವು ಇಟ್ಟುಕೊಂಡು ಅಮ್ಮ ಈಗಲೂ ಬಂದ ಮಕ್ಕಳಿಗೆಲ್ಲ ದೋಸೆ ಹೊಯ್ಯುತ್ತಾಳೆ. ಹಲಸಿನ ಹಪ್ಪಳದ ಕಾಲದಲ್ಲಂತೂ ಅವಳು ಬೆನ್ನು ನೆಟ್ಟಗೆ ಮಾಡಿದ್ದನ್ನು ನಾನು ನೋಡಿಲ್ಲ. ನಿನ್ನ ಹೆಂಡತಿ ಶಿವಮೊಗ್ಗ ಬೇಕು ಅನ್ನುವುದು ಶಾಲೆಗಾಗಿ ಮಾತ್ರವೋ, ಬಂದವರಿಗೆಲ್ಲ ಕಾಫಿ ತಿಂಡಿ ಮಾಡಿ ಸಾಕಾಗಿದೆಯೋ? ಸಾಕಾಗಿದ್ದರೆ ಅವಳ ತಪ್ಪು ಅಂತ ನಾನು ಹೇಳುವುದಿಲ್ಲ. ಅದಕ್ಕೆ ಊರು ಬಿಡಬೇಕಾಗಿಲ್ಲ, ನೀನು ಒಲೆ ಮುಂದೆ ನಿಲ್ಲಬೇಕು. ಮೇಲಿನಮನೆಯ ಗಂಡುಮಕ್ಕಳಿಗೂ ಹೇಳು.

ಏಳನೇ ತರಗತಿವರೆಗಾದರೂ ಮಕ್ಕಳು ಅಲ್ಲೇ ಇರಲಿ. ಹೈಸ್ಕೂಲಿಗೆ ಬೇಕಾದರೆ ಶಿವಮೊಗ್ಗ ನೋಡೋಣ, ಖರ್ಚಿಗೆ ನಾನೂ ಇದ್ದೇನೆ.

ಇಲ್ಲಿ ಜೂನ್ ಕೊನೆಗೆ ಶಾಲೆಗೆ ರಜೆ. ಮಳೆಗಾಲವಾದರೂ ಸರಿ, ನನ್ನ ಮಕ್ಕಳಿಬ್ಬರನ್ನೂ ಕರೆದುಕೊಂಡು ಊರಿಗೆ ಬರುತ್ತೇನೆ. ನೀನು ಮಾತ್ರ ಮನೆಗೆ ಮುಂಗಡ ಕೊಡುವ ಮೊದಲು ಅಮ್ಮನನ್ನೂ ನಿನ್ನ ಹೆಂಡತಿಯನ್ನೂ ಬೇರೆ ಬೇರೆ ಕೂರಿಸಿ ಕೇಳು, ಒಬ್ಬರ ಎದುರು ಇನ್ನೊಬ್ಬರು ಬಾಯಿ ಬಿಡುವುದಿಲ್ಲ. ಅವರು ಹೇಳಿದ್ದನ್ನು ಹೇಳಿದ ಹಾಗೇ ನನಗೆ ಬರೆ.

ಇಂತಿ,
ನಿನ್ನ ಅಕ್ಕ