ಸೊಫಿಸ್ಟಿಕೇಟೆಡ್ ಖಾರದಪುಡಿ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರ ನಿಮ್ಮ ಪತ್ರಿಕೆಯ ಒಂದೇ ಪುಟದಲ್ಲಿ ಎರಡು ಜಾಹೀರಾತು ಓದಿದೆ. ‘ಸೊಫಿಸ್ಟಿಕೇಟೆಡ್ ಮನೆತನದ ವಧು ಬೇಕು’ ಅಂತ ಒಂದು. ಅಕ್ಕಿ ಗಿರಣಿಯ ‘ಸೊಫಿಸ್ಟಿಕೇಟೆಡ್ ಸಾರ್ಟೆಕ್ಸ್ ಮಷಿನ್’ ಮಾರಾಟಕ್ಕಿದೆ ಅಂತ ಇನ್ನೊಂದು. ವಧುವಿಗೂ ಮಷಿನ್‌ಗೂ ಒಂದೇ ಪದವಾ ಅಂತ ಮನೆಯಲ್ಲಿ ಕೇಳಿದೆ. ಬಿ.ಎ. ಓದುತ್ತಿರುವ ಮೊಮ್ಮಗಳು ದೊಡ್ಡ ಡಿಕ್ಷನರಿ ತಂದು ಮುಂದಿಟ್ಟಳು. ಓದಿ ನನಗೆ ನಗು ತಡೆಯಲಾಗಲಿಲ್ಲ.

ಪದದ ಬೇರು ಗ್ರೀಕರ ‘ಸೋಫಿಯಾ’, ಅಂದರೆ ಜ್ಞಾನ. ಆದರೆ ಅಥೆನ್ಸ್‌ನಲ್ಲಿ ದುಡ್ಡು ತಗೊಂಡು ವಾದ ಮಾಡೋದನ್ನು ಕಲಿಸುತ್ತಿದ್ದ ಸೋಫಿಸ್ಟರ ಹೆಸರು ಪ್ಲೇಟೊ ಕಾಲಕ್ಕೇ ಕೆಟ್ಟಿತ್ತು. 1400ರ ಸುಮಾರಿಗೆ ಇಂಗ್ಲಿಷರು ಸೊಫಿಸ್ಟಿಕೇಟ್ ಅಂದರೆ ಅದು ಸರಕಿಗೆ ಬೇರೇನೋ ಬೆರೆಸಿ ಕೆಡಿಸುವುದು. ಅಂದರೆ ನಮ್ಮ ಕಲಬೆರಕೆ! ನಯ-ನಾಜೂಕು ತಿಳಿದವರು ಅಂತ ಮನುಷ್ಯರನ್ನು ಹೊಗಳಲು ಈ ಪದ ಬಂದದ್ದು 19ನೇ ಶತಮಾನದ ಕೊನೆಗೆ. ಬಹಳ ಮುಂದುವರಿದದ್ದು ಅನ್ನುವ ಅರ್ಥದಲ್ಲಿ ಮಷಿನ್‌ಗೆ ಅಂಟಿಕೊಂಡದ್ದು 1940ರ ದಶಕದಲ್ಲಿ. ಹಳೆ ಪುಸ್ತಕದ ಇಂಗ್ಲಿಷ್ ವ್ಯಾಪಾರಿಗಳು ಇವತ್ತಿಗೂ ಹಳೇ ಅರ್ಥ ಬಿಟ್ಟಿಲ್ಲ. ಹಾಳೆ ಹೋದ ಪ್ರತಿಗೆ ಇನ್ನೊಂದು ಪ್ರತಿಯ ಹಾಳೆ ಕೂಡಿಸಿದ್ದರೆ ಅದು ಸೊಫಿಸ್ಟಿಕೇಟೆಡ್ ಪ್ರತಿ.

ನಾನು ಗಂಗಾವತಿಯಲ್ಲಿ 31 ವರ್ಷ ಕಿರಾಣಿ ಅಂಗಡಿ ನಡೆಸಿದವನು. ಅಂಥ ಸೊಫಿಸ್ಟಿಕೇಟೆಡ್ ಖಾರದಪುಡಿ ಒಮ್ಮೆ ನನ್ನ ಅಂಗಡಿಗೂ ಬಂದಿತ್ತು. ಗೊತ್ತಾಗದೆ ಮಾರಿಯೂ ಬಿಟ್ಟೆ. ಮರುದಿನ ಹಿಂದಿನ ಓಣಿಯ ಅಜ್ಜಿ ಪೊಟ್ಟಣ ಹಿಡಿದು ಬಂದರು. ಗಾಜಿನ ಲೋಟದಲ್ಲಿ ನೀರು ಕೇಳಿ, ಮೇಲಿಂದ ಒಂದು ಚಿಟಿಕೆ ಉದುರಿಸಿದರು. ಕೆಂಪು ಬಣ್ಣ ಎಳೆ ಎಳೆಯಾಗಿ ನೀರಲ್ಲಿ ಇಳಿಯಿತು. ಹಿಂದೆಯೇ ಇಟ್ಟಿಗೆ ಪುಡಿ ಹೋಗಿ ತಳದಲ್ಲಿ ಕೂತಿತು. ಬೆರಳಲ್ಲಿ ತಿಕ್ಕಿದರೆ ಚರಚರ. ‘ತಮ್ಮಾ, ನೋಡಾಕ ಭಾಳ ಚಂದ ಐತಿ’ ಅಂದರು, ಅಷ್ಟೇ. ನಾಲ್ಕು ಗಿರಾಕಿಗಳ ಮುಂದೆ ದನಿ ಕೂಡ ಎತ್ತಲಿಲ್ಲ. ಬೈದಿದ್ದರೂ ಅಷ್ಟು ನಾಚಿಕೆ ಆಗುತ್ತಿರಲಿಲ್ಲ.

ಆ ಅಜ್ಜಿಯಂಥವರಿಗೆ ನಮ್ಮ ಕಡೆ ನಡೆನುಡಿ ಗೊತ್ತಿದ್ದವರು ಅಂತಾರೆ. ಬರೀ ಉಡುಗೆ-ತೊಡುಗೆಯ ಮಾತಾದರೆ ನಾಜೂಕು ಅಂತಾರೆ. ಅದೂ ಪರ್ಷಿಯನ್‌ನಿಂದ ಬಂದದ್ದೇ ಬಿಡಿ. ಆದರೆ ಜಾಸ್ತಿ ಆಯ್ತು ಅನ್ನಿಸಿದರೆ ‘ನಾಜೂಕಯ್ಯ’ ಅಂತ ಕಾಲೆಳೆಯುವಷ್ಟು ನಮ್ಮದಾಗಿದೆ.

ಇನ್ನು ಆ ಸಾರ್ಟೆಕ್ಸ್. ಕ್ಯಾಮೆರಾದಲ್ಲಿ ಕಪ್ಪು ಕಾಳು ಗುರುತಿಸಿ, ಗಾಳಿ ಊದಿ ಆಚೆ ತಳ್ಳುವ ಮಷಿನ್ ಅದು. ಕಲಬೆರಕೆ ತೆಗೆಯುವುದಕ್ಕೇ ಕಲಬೆರಕೆ ಅಂತ ಹೆಸರಿಟ್ಟ ಹಾಗಾಯ್ತು, ಅಲ್ವಾ? ‘ಹೊಸ ಮಾದರಿ’ ಅಂದಿದ್ದರೆ ಗಿರಣಿಯವರಿಗೆ ತಿಳಿಯುತ್ತಿತ್ತು.

ವಧು ಹುಡುಕುವವರ ಮನಸ್ಸಲ್ಲಿ ಏನಿತ್ತೋ! ಇಂಗ್ಲಿಷ್ ಮಾತಾಡುವ ಹುಡುಗಿಯೋ, ದುಡ್ಡಿದ್ದ ಬೀಗರೋ? ಜಾಹೀರಾತು ಬರೆದುಕೊಳ್ಳುವ ನಿಮ್ಮವರು ಅದನ್ನೊಂದು ಕೇಳಿ, ಬಿಡಿಸಿ ಬರೆಯಲಿ. ಒಂದು ಸಾಲು ಜಾಸ್ತಿಯಾದರೆ ದುಡ್ಡೂ ನಿಮಗೇ ತಾನೆ.

— ಒಬ್ಬ ಹಳೇ ಕಿರಾಣಿ ವ್ಯಾಪಾರಿ,
ಗಂಗಾವತಿ, ಕೊಪ್ಪಳ ಜಿಲ್ಲೆ