ಇನ್ನು ಮುಂದೆ ಪರೀಕ್ಷೆ ಪಾಸಾದವರೇ ತೀರ್ಪಿಗೆ

ಮಾನ್ಯ ಗ್ರಾಹಕರೇ,

ಚೆಸ್ ಟೂರ್ನಿ ನಡೆಸಿಕೊಡಲು ನಮ್ಮ ಸಹಕಾರ ಸಂಘವನ್ನು ಕರೆಯುವ ಕ್ಲಬ್, ಶಾಲೆ, ಸಂಸ್ಥೆಗಳೆಲ್ಲಕ್ಕೂ ಈ ಪತ್ರ. ಮುಂದಿನ ತಿಂಗಳಿಂದ ನಾವು ಒಪ್ಪಿಕೊಳ್ಳುವ ಟೂರ್ನಿಗಳಲ್ಲಿ, ಫಲಿತಾಂಶ ಆಟಗಾರರ ರೇಟಿಂಗ್‌ಗೆ (ಆಟದ ಬಲ ತೋರುವ ಅಂಕಕ್ಕೆ) ಸೇರಲಿ ಸೇರದಿರಲಿ, ತೀರ್ಪುಗಾರರ ಪರೀಕ್ಷೆ ಪಾಸಾಗದ ಯಾರೂ ಬೋರ್ಡಿನ ಬಳಿ ನಿಂತು ತೀರ್ಪು ಕೊಡುವುದಿಲ್ಲ. ಮುಖ್ಯ ತೀರ್ಪುಗಾರರಂತೂ ಫಿಡೆ (ಅಂತರರಾಷ್ಟ್ರೀಯ ಚೆಸ್ ಒಕ್ಕೂಟ) ಪರವಾನಗಿ ಉಳ್ಳವರೇ ಆಗಿರುತ್ತಾರೆ.

ಫಿಡೆ ರೇಟೆಡ್ ಟೂರ್ನಿಗಳಿಗೆ ಇದು ಹೊಸ ಮಾತಲ್ಲ. 2013ರಲ್ಲಿ ಪರವಾನಗಿ ಪದ್ಧತಿ ಬಂದಾಗಿನಿಂದ ಅಲ್ಲಿ ಹಾಗೆಯೇ ನಡೆದಿದೆ. ಬದಲಾಗುತ್ತಿರುವುದು ರೇಟಿಂಗ್ ಇಲ್ಲದ ಟೂರ್ನಿಗಳ ವ್ಯವಸ್ಥೆ. ಇಷ್ಟು ದಿನ ಅವುಗಳಿಗೆ ನಮ್ಮಲ್ಲಿನ ಅನುಭವಿ ಆಟಗಾರರನ್ನೇ ಕಳಿಸುತ್ತಿದ್ದೆವು. ಚೆನ್ನಾಗಿ ಆಡುವವರಿಗೆ ನಿಯಮವೂ ಚೆನ್ನಾಗಿ ಗೊತ್ತಿರುತ್ತದೆ ಎಂದು ನಂಬಿದ್ದೆವು.

ಆ ನಂಬಿಕೆ ಮಕ್ಕಳ ಒಂದು ರ್‍ಯಾಪಿಡ್ (ಕಡಿಮೆ ಸಮಯದಲ್ಲಿ ಮುಗಿಯುವ ಆಟ) ಟೂರ್ನಿಯ ಕೊನೆಯ ಸುತ್ತಿನಲ್ಲಿ ಮುರಿಯಿತು. ಒಬ್ಬ ಹುಡುಗಿ ತನ್ನ ರಾಜನಿಗೆ ಚೆಕ್ ಇದ್ದುದನ್ನು ಗಮನಿಸದೆ ಬೇರೆ ಕಾಯಿ ನಡೆಸಿ ಗಡಿಯಾರ ಒತ್ತಿದಳು. ಎದುರಾಳಿ ಕೈ ಎತ್ತಿದ. ನಮ್ಮ ಹಿರಿಯ ಸದಸ್ಯರು ಬಂದು ನೋಡಿ, ನಿಯಮಬಾಹಿರ ನಡೆ, ಆಟ ಸೋತೆ ಎಂದುಬಿಟ್ಟರು. ಅವರು ಬಾಯಿಗೆ ಬಂದದ್ದನ್ನು ಹೇಳಿದ್ದಲ್ಲ. 2017ರ ಮಧ್ಯದವರೆಗೆ ರ್‍ಯಾಪಿಡ್‌ನಲ್ಲಿ ನಿಯಮ ಹಾಗೆಯೇ ಇತ್ತು. ಈಗ ಮೊದಲ ತಪ್ಪಿಗೆ ಎದುರಾಳಿಯ ಗಡಿಯಾರಕ್ಕೆ ಎರಡು ನಿಮಿಷ ಸೇರಿಸಿ ಆಟ ಮುಂದುವರಿಸಬೇಕು. ಸೋಲು ಎರಡನೇ ಸಲಕ್ಕೆ. ಆ ಹುಡುಗಿ ಒಂದು ಆನೆಯಷ್ಟು ಮುಂದಿದ್ದಳು. ಅವಳ ತರಬೇತುದಾರರು ನಿಯಮ ತೋರಿಸುವ ಹೊತ್ತಿಗೆ ಬಹುಮಾನ ಹಂಚಿ ಆಗಿತ್ತು. ಅವಳಲ್ಲೂ ಅವಳ ಮನೆಯವರಲ್ಲೂ ಕ್ಷಮೆ ಕೇಳಿದೆವು. ಆ ಆಟವನ್ನು ಮಾತ್ರ ವಾಪಸ್ ಕೊಡಲಾಗಲಿಲ್ಲ.

ತೀರ್ಪುಗಾರರು ಯಾವಾಗ ಸುಮ್ಮನಿರಬೇಕು ಎಂಬುದೂ ಕಲಿಯಬೇಕಾದ ವಿದ್ಯೆಯೇ. ಒಂದೇ ಸ್ಥಿತಿ ಮೂರು ಸಲ ಬಂದರೆ ಆಟಗಾರ ಕೇಳಿದರೆ ಮಾತ್ರ ಡ್ರಾ. ಪಕ್ಕದಲ್ಲಿ ನಿಂತವರು ಆಗ ಬಾಯಿಬಿಟ್ಟರೆ ಅದೇ ದೊಡ್ಡ ತಪ್ಪು. ಐದು ಸಲ ಬಂದರೆ ಯಾರೂ ಕೇಳದಿದ್ದರೂ ಅವರೇ ಆಟ ನಿಲ್ಲಿಸಬೇಕು. ಯಾವ ಕಾಯಿಯನ್ನೂ ಕಡಿಯದೆ, ಪದಾತಿಯನ್ನೂ ನಡೆಸದೆ ಇಬ್ಬರೂ ಆಡಿದ ನಡೆಗಳನ್ನು ಎಣಿಸುವ 50 ನಡೆಯ ನಿಯಮಕ್ಕೂ 75 ನಡೆಯ ನಿಯಮಕ್ಕೂ ಇರುವ ವ್ಯತ್ಯಾಸ ಇದೇ. ಎಷ್ಟು ವರ್ಷ ಆಡಿದರೂ ಇದು ತಾನಾಗಿ ತಲೆಗೆ ಹತ್ತುವುದಿಲ್ಲ, ಕುಳಿತು ಓದಬೇಕು.

ಫಿಡೆ ಆರ್ಬಿಟರ್ ಎಂಬ ತೀರ್ಪುಗಾರರ ಬಿರುದು ಬೇಕೆನ್ನುವವರು ತರಬೇತಿ ಶಿಬಿರದಲ್ಲಿ ಕುಳಿತು, ಪರೀಕ್ಷೆಯಲ್ಲಿ ಶೇ. 80 ಅಂಕ ಗಳಿಸಬೇಕು. ಅಷ್ಟೇ ಸಾಲದು, ರೇಟೆಡ್ ಟೂರ್ನಿಗಳಲ್ಲಿ ದುಡಿದು ನಾರ್ಮ್ (ಆ ಕೆಲಸ ಸರಿಯಾಗಿ ಮಾಡಿದ್ದಕ್ಕೆ ಸಿಗುವ ಅರ್ಹತಾ ಪತ್ರ) ಸಂಪಾದಿಸಬೇಕು. ಇಂಟರ್‌ನ್ಯಾಷನಲ್ ಆರ್ಬಿಟರ್ ಅದರ ಮೇಲಿನ ಮೆಟ್ಟಿಲು, ಅದಕ್ಕೆ ಮತ್ತಷ್ಟು ನಾರ್ಮ್ ಬೇಕು. ನಿಮ್ಮ ಬೋರ್ಡುಗಳ ಬಳಿ ನಿಲ್ಲುವ ಪ್ರತಿಯೊಬ್ಬರಿಗೂ ಬಿರುದು ಇರಬೇಕೆಂದು ನಾವು ಹಟ ಹಿಡಿದಿಲ್ಲ. ಪರೀಕ್ಷೆ ಪಾಸಾಗಿರಬೇಕು, ಈಗಿನ ನಿಯಮ ಗೊತ್ತಿರಬೇಕು. ಸದ್ಯ ಜಾರಿಯಲ್ಲಿರುವುದು 2023ರ ಜನವರಿಯಿಂದ ಬಂದ ನಿಯಮಾವಳಿ.

ಇದರಿಂದ ನಿಮಗೆ ಆಗುವ ತೊಂದರೆಯನ್ನೂ ಹೇಳಿಬಿಡುತ್ತೇವೆ. ಪರೀಕ್ಷೆ ಪಾಸಾದವರು ನಮ್ಮಲ್ಲಿ ಇನ್ನೂ ಕಡಿಮೆ. ಆದ್ದರಿಂದ ಒಂದೇ ದಿನ ಹೆಚ್ಚು ಟೂರ್ನಿ ಒಪ್ಪಿಕೊಳ್ಳಲು ಆಗದು, ಮೊದಲಿಗಿಂತ ಮುಂಚಿತವಾಗಿ ತಿಳಿಸಬೇಕಾಗುತ್ತದೆ. ದರವೂ ಸ್ವಲ್ಪ ಏರುತ್ತದೆ. ಈಗಾಗಲೇ ಮಾತಾಗಿರುವ ಟೂರ್ನಿಗಳಿಗೆ ಹಳೆಯ ದರವೇ, ಆದರೆ ತೀರ್ಪುಗಾರರು ಹೊಸ ವ್ಯವಸ್ಥೆಯಂತೆಯೇ ಬರುತ್ತಾರೆ.

ರ್‍ಯಾಪಿಡ್ ಟೂರ್ನಿ ನಡೆಸುವವರಿಗೆ ಇನ್ನೊಂದು ಮಾತು. ಹೆಚ್ಚೆಂದರೆ ಮೂರು ಆಟಕ್ಕೆ ಒಬ್ಬ ತೀರ್ಪುಗಾರರಿದ್ದು, ಪ್ರತಿ ಆಟದ ನಡೆಗಳನ್ನೂ ಅವರು ಅಥವಾ ಅವರ ಸಹಾಯಕರು ಬರೆದುಕೊಂಡರೆ ಒಂದು ನಿಯಮ, ಇಲ್ಲದಿದ್ದರೆ ಇನ್ನೊಂದು. ಯಾವುದು ಅನ್ವಯ ಎಂಬುದನ್ನು ಟೂರ್ನಿ ಶುರುವಾಗುವ ಮೊದಲೇ ಹೇಳಿರಬೇಕು. ಇನ್ನು ಮೇಲೆ ನಿಮ್ಮ ಆಹ್ವಾನ ಪತ್ರಿಕೆಯಲ್ಲೇ ಆ ಸಾಲು ಇರುವಂತೆ ನಾವು ನೋಡಿಕೊಳ್ಳುತ್ತೇವೆ. ಆಟಗಾರರ ಅಂದಾಜು ಸಂಖ್ಯೆ ಮತ್ತು ಸಮಯಮಿತಿ ಮೊದಲೇ ಕೊಟ್ಟರೆ ಎಷ್ಟು ಜನ ಬೇಕೆಂದು ಲೆಕ್ಕ ಹಾಕಿ ತಿಳಿಸುತ್ತೇವೆ.

ನೀವು ವರ್ಷಗಳಿಂದ ಹೆಸರು ಹೇಳಿ ಕರೆಸಿಕೊಳ್ಳುವ ನಮ್ಮ ಹಿರಿಯರು ಎಲ್ಲಿಗೂ ಹೋಗುವುದಿಲ್ಲ. ಪೇರಿಂಗ್ (ಯಾರಿಗೆ ಯಾರು ಎದುರಾಳಿ ಎಂದು ಜೋಡಿಸುವುದು), ಫಲಿತಾಂಶ ದಾಖಲೆ, ಗಡಿಯಾರ ಹೊಂದಿಸುವುದು, ಪುಟ್ಟ ಮಕ್ಕಳನ್ನು ಅವರವರ ಬೋರ್ಡಿಗೆ ಕೂರಿಸುವುದು ಅವರದೇ ಕೆಲಸ. ಶಿಬಿರದ ಮತ್ತು ಪರೀಕ್ಷೆಯ ಖರ್ಚನ್ನು ಸಂಘವೇ ಭರಿಸುತ್ತಿದೆ. ಅಂದು ತಪ್ಪು ತೀರ್ಪು ಕೊಟ್ಟ ಸದಸ್ಯರೇ ಮೊದಲು ಹೆಸರು ಬರೆಸಿದ್ದಾರೆ. ಅವರು ಪಾಸಾದ ದಿನ ಮತ್ತೆ ನಿಮ್ಮ ಸಭಾಂಗಣಕ್ಕೆ ತೀರ್ಪುಗಾರರಾಗಿಯೇ ಬರುತ್ತಾರೆ.

ಇಂತಿ ತಮ್ಮ ವಿಶ್ವಾಸಿಗಳು,
ಸಂಘದ ಎಲ್ಲ ಸದಸ್ಯರು